ಸಹಾಯ ಬೇಕು: ಅಳಿವೆಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ

ನಮಸ್ಕಾರ. ನಾನು ಕುಮಟಾ ಕಡೆಯ ಹೈಸ್ಕೂಲ್ ಶಿಕ್ಷಕಿ. ಡಿಸೆಂಬರ್‌ನಲ್ಲಿ 20 ವಿಜ್ಞಾನ ಶಿಕ್ಷಕರನ್ನು ಎರಡು ದಿನ ಅಘನಾಶಿನಿ ಅಳಿವೆಗೆ (ಹೊಳೆ ಸಮುದ್ರ ಸೇರುವ ಜಾಗ) ಕರೆದೊಯ್ಯಬೇಕು ಅಂತಿದ್ದೇವೆ. 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ. ಆದರೂ ನಮ್ಮಲ್ಲಿ ಜಾಸ್ತಿ ಜನ ಆ ಕೆಸರಿಗೆ ಕಾಲಿಟ್ಟವರಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಪಾಠ ಮಾತ್ರ ಜೋರಾಗಿ ಮಾಡುತ್ತೇವೆ!

ಕಳೆದ ವರ್ಷ ನಾವೇ ನಾಲ್ಕು ಜನ ಹೋಗಿ ಪೆಚ್ಚಾದೆವು. ಹೋಗಿದ್ದು ಭರತದ, ಅಂದರೆ ಸಮುದ್ರದ ನೀರು ಏರಿದ ಹೊತ್ತಿಗೆ. ಕಾಂಡ್ಲಾದ ಉಸಿರು ಬೇರು, ಏಡಿ ಬಿಲ, ಬಳಚು (ಚಿಪ್ಪುಜೀವಿ) ಎಲ್ಲ ನೀರಿನಡಿ. ಸುಮ್ನೆ ದಡದಲ್ಲಿ ನಿಂತು ಚಹಾ ಕುಡಿದು ಬಂದೆವು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಶಾಲೆಯ ಗಂಟೆ ಅದಕ್ಕೆ ಗೊತ್ತಿಲ್ಲ ಅಲ್ವಾ?

ಈ ಸಲ ಮೂರು ಕಡೆ ನೀರಿನ ಉಪ್ಪು ಅಳೆಯಬೇಕು: ಅಳಿವೆ ಬಾಯಿ, ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಮೇಲಿನ ಹೊಳೆ. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ, ಮೇಲೆ ಹೋದಂತೆ ಎಷ್ಟು ಇಳಿಯುತ್ತದೆ ಎಂದು ಶಿಕ್ಷಕರೇ ಕಂಡುಕೊಳ್ಳಲಿ.

ಎರಡು ದಿನಕ್ಕೆ ರಿಫ್ರಾಕ್ಟೋಮೀಟರ್ (ನೀರಿನ ಉಪ್ಪು ಅಳೆಯುವ ಉಪಕರಣ) ಎರವಲು ಕೊಡುವವರಿದ್ದೀರಾ? ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವರು ಯಾರಾದರೂ ಜೊತೆಗೆ ಬಂದರೆ ದೊಡ್ಡ ಉಪಕಾರ. ಬಳಚು ಆರಿಸುವ ಹೆಂಗಸರನ್ನೂ ಕರೆಯಬೇಕೆಂದಿದ್ದೇವೆ, ಅವರ ದಿನದ ಕೂಲಿ ಕೊಟ್ಟೇ. ಪರಿಚಯ ಇದ್ದವರು ಇಲ್ಲೇ ತಿಳಿಸಿ.