ಪಿಆರ್‌ನಲ್ಲಿ ಸೀನಿಯರ್ ಎಕ್ಸಿಕ್ಯೂಟಿವ್ ಆಗೇ ಉಳ್ಕೊಂಡಿದೀನಿ, ಮುಂದೇನು?

ಮೂಲೆಮೇಜು:
ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸೀಲಿ ಸೀನಿಯರ್ ಅಕೌಂಟ್ ಎಕ್ಸಿಕ್ಯೂಟಿವ್. ಪ್ರೆಸ್ ನೋಟ್ ಬರಿ, ಮೀಡಿಯಾ ಲಿಸ್ಟ್ ಅಪ್ಡೇಟ್ ಮಾಡು, ರಿಪೋರ್ಟರ್‌ಗಳ ಬೆನ್ನು ಬಿದ್ದು ಫಾಲೋಅಪ್ ಮಾಡು, ತಿಂಗಳ ಕೊನೇಲಿ ಕ್ಲೈಂಟ್ ಬಗ್ಗೆ ಬಂದ ಸುದ್ದಿಗಳನ್ನೆಲ್ಲ ಸೇರಿಸಿ ಕವರೇಜ್ ಡಾಕೆಟ್ ಕಳಿಸು, ಮತ್ತೆ ಅದೇ ಶುರು. ಕ್ಲೈಂಟ್‌ಗೆ ಖುಷಿ ಇದೆ, ಆದ್ರೆ ಅಪ್ರೈಸಲ್ ಬಂದಾಗ ಮಾತ್ರ ಸ್ಟ್ರಾಟೆಜಿಕ್ ಆಗಿ ಯೋಚ್ನೆ ಮಾಡಲ್ಲ ಅಂತಾರೆ, ಹಾಗಂದ್ರೇನು ಅಂತ ಕೇಳಿದ್ರೆ ಯಾರೂ ಬಿಡಿಸಿ ಹೇಳಲ್ಲ. ಕಂಪನಿ ಒಳಗಿನ ಕಾರ್ಪೊರೇಟ್ ಕಮ್ಯುನಿಕೇಷನ್ಸ್‌ಗೆ ಹೋಗ್ಲಾ ಇಲ್ಲ ಸರ್ಟಿಫಿಕೇಟ್ ಏನಾದ್ರೂ ಮಾಡ್ಕೊಳ್ಲಾ?

ಹಳೇಡೆಸ್ಕ್:
ನಿಮ್ಮ ಡಾಕೆಟ್‌ನ ಕೊನೇ ಪುಟ ನೋಡಿ. ಸುದ್ದಿ ಬಂದ ಜಾಗಾನ ಜಾಹೀರಾತು ರೇಟಿಂದ ಗುಣಿಸಿ ಇಷ್ಟು ಲಕ್ಷದ ಪಬ್ಲಿಸಿಟಿ ಅಂತ ಹಾಕಿದೀರಾ? ಆ ಲೆಕ್ಕಕ್ಕೆ ಅರ್ಥ ಇಲ್ಲ ಅಂತ ಪಿಆರ್ ಕೆಲಸ ಅಳೆಯೋಕೆ ಮಾಡ್ಕೊಂಡ 2010ರ ಬಾರ್ಸಿಲೋನಾ ಪ್ರಿನ್ಸಿಪಲ್ಸ್‌ನಲ್ಲೇ ಹೇಳಿಯಾಗಿದೆ, ಆದ್ರೂ ಇನ್ನೂ ಎಷ್ಟೋ ಕಡೆ ಅದೇ ನಡೀತಿದೆ. ಅದರ ಬದ್ಲು ಒಂದು ಪುಟ ಬರೀರಿ: ಈ ಸುದ್ದಿ ಯಾರಿಗೆ ಮುಟ್ಬೇಕಿತ್ತು, ಮುಟ್ತಾ, ಅವ್ರ ಮನಸ್ಸಲ್ಲಿ ಏನಾದ್ರೂ ಬದಲಾಯ್ತಾ, ಮುಂದಿನ ತಿಂಗಳು ರಿಪೋರ್ಟರ್ ಏನು ಕೇಳ್ಬಹುದು. ಕ್ಲೈಂಟ್ ಮೀಟಿಂಗಲ್ಲಿ ಇದಕ್ಕೆ ಪ್ರೆಸ್ ರಿಲೀಸ್ ಬೇಡ, ಸುದ್ದೀನೇ ಇಲ್ಲ ಅಂತ ಕಾರಣ ಕೊಟ್ಟು ಹೇಳೋರನ್ನ ಮ್ಯಾನೇಜರ್ ಮಾಡ್ತಾರೆ, ಹೇಳಿದ್ದಕ್ಕೆಲ್ಲ ಹೂಂ ಅನ್ನೋರಿಗೆ ಕೆಲಸ ಜಾಸ್ತಿ ಆಗುತ್ತೆ ಅಷ್ಟೇ. ಇನ್ನೊಂದು, ಕ್ರೈಸಿಸ್ ಕೆಲಸ ಬಂದ್ರೆ ಕೈ ಎತ್ತಿ. ಏನೂ ಖಚಿತವಾಗಿ ಗೊತ್ತಿಲ್ಲದಿರೋ ಹೊತ್ತಲ್ಲಿ, ಲೀಗಲ್‌ನೋರು ಒಂದೊಂದೇ ಪದ ಹೊಡೆದು ಹಾಕ್ತಿರುವಾಗ, ಪೂರ್ತಿ ವಿವರ ಸಿಗೋ ತನಕ ಕೊಡೋ ಮೂರು ಸಾಲಿನ ಹೋಲ್ಡಿಂಗ್ ಸ್ಟೇಟ್‌ಮೆಂಟ್ ಬರೆಯೋದ್ರಲ್ಲಿ ಕಲಿಯೋದು ಫಾಲೋಅಪ್ ಕಾಲ್ ಮಾಡೋದ್ರಲ್ಲಿ ಯಾವತ್ತೂ ಸಿಗಲ್ಲ.

ನೇರಮಾತು:
ಎಲ್ಲಾ ಸರಿ ಸರ್, ಆದ್ರೆ ಮೇಲೆ ಖಾಲಿ ಜಾಗಾನೇ ಇಲ್ದಿದ್ರೆ? ಎಷ್ಟೋ ಸಲ ಸ್ಟ್ರಾಟೆಜಿಕ್ ಅನ್ನೋದು ಬಡ್ಜೆಟ್ ಇಲ್ಲ ಅನ್ನೋಕೆ ಒಂದು ನೆಪ. ಏನು ಮಾಡಿದ್ರೆ ಪ್ರಮೋಷನ್ ಅಂತ ಮೇಲ್‌ನಲ್ಲಿ ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಅದೇ ಉತ್ತರ.

ಚೌಕಟ್ಟು:
ಸರ್ಟಿಫಿಕೇಟ್ ಬಗ್ಗೆ. ಅಮೆರಿಕದ ಪಿಆರ್ ವೃತ್ತಿಪರರ ಸಂಘ ಪಿಆರ್‌ಎಸ್‌ಎ 1964ರಲ್ಲಿ ಶುರು ಮಾಡಿದ ಎಪಿಆರ್ ಅನ್ನೋ ಮಾನ್ಯತೆ ಇದೆ, ಪರೀಕ್ಷೆಗೆ ಮುಂಚೆ ಪ್ಯಾನೆಲ್ ಎದುರು ನಿಮ್ಮ ಕೆಲಸ ವಿವರಿಸ್ಬೇಕು. ಬ್ರಿಟನ್ನಿನ ಅಂಥದ್ದೇ ಸಂಘ ಸಿಐಪಿಆರ್‌ಗೆ 2005ರಲ್ಲಿ ರಾಯಲ್ ಚಾರ್ಟರ್ (ರಾಜಮನೆತನದ ಮನ್ನಣೆ ಪತ್ರ) ಸಿಕ್ತು, ಅವರ ಕಡೆಯಿಂದ ಚಾರ್ಟರ್ಡ್ ಪ್ರಾಕ್ಟೀಷನರ್ ಆಗ್ಬಹುದು. ಓದಿನಿಂದ ಲಾಭ ಇದೆ, ಆದ್ರೆ ಬರೀ ಅದನ್ನ ನೋಡಿ ಯಾರೂ ಡೈರೆಕ್ಟರ್ ಕುರ್ಚಿ ಕೊಡಲ್ಲ. ಕಂಪನಿ ಒಳಗೆ ಹೋದ್ರೆ ಟೀಮ್ ಚಿಕ್ಕದು, ಮೆಟ್ಟಿಲು ಕಮ್ಮಿ, ಆದ್ರೆ ನಿರ್ಧಾರ ಮಾಡೋರ ಪಕ್ಕದಲ್ಲೇ ಕೂತಿರ್ತೀರಿ. ಸೇರೋ ಮುಂಚೆ ಕಮ್ಯುನಿಕೇಷನ್ಸ್ ಹೆಡ್ ಯಾರಿಗೆ ರಿಪೋರ್ಟ್ ಮಾಡ್ತಾರೆ ಅಂತ ಕೇಳಿ. ಸಿಇಓಗೆ ಅಂದ್ರೆ ಒಂದು ಲೆಕ್ಕ, ಮಾರ್ಕೆಟಿಂಗ್‌ಗೆ ಅಂದ್ರೆ ಮತ್ತದೇ ಪ್ರೆಸ್ ನೋಟ್.

ಮೂಲೆಮೇಜು:
ಡಾಕೆಟ್ ಕೊನೇ ಪುಟದ ವಿಷ್ಯ ಸರಿಯಾಗಿ ತಗುಲ್ತು 😅 ಈ ತಿಂಗಳು ಗುಣಾಕಾರ ತೆಗೆದು ಆ ಒಂದು ಪುಟ ಹಾಕ್ತೀನಿ, ಮೇಲ್ ಕೂಡ ಕಳಿಸ್ತೀನಿ.