ಮೂರು ಕುಶನ್ ಆಟಕ್ಕೆ ಯಾವ ಶಾಫ್ಟ್? ಹಾಸನದ ಕ್ಯೂ ದುರಸ್ತಿಗಾರರೊಡನೆ ಪ್ರಶ್ನೋತ್ತರ

ನಿರ್ವಾಹಕರು: ಹಾಸನದಲ್ಲಿ ಬಹುಕಾಲದಿಂದ ಕ್ಯೂ ದುರಸ್ತಿ ಮಾಡುತ್ತಿರುವ ಯಜಮಾನರು ಇಂದು ಸಂಜೆ ನಮ್ಮ ಬಳಗದವರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಆಟವನ್ನು ನೋಡಿರದವರಿಗಾಗಿ ಒಂದು ಮಾತು: ಮೂರು ಕುಶನ್ ಎಂಬುದು ಕ್ಯಾರಮ್ ಬಿಲಿಯರ್ಡ್ಸ್‌ನ ಒಂದು ಬಗೆ, ನಮ್ಮ ಕೇರಂ ಬೋರ್ಡ್ ಅಲ್ಲ; ಇದರ ಟೇಬಲ್‌ಗೆ ಪಾಕೆಟ್ ಇರುವುದಿಲ್ಲ, ನಾವು ಹೊಡೆದ ಚೆಂಡು ಎರಡನೆಯ ಗುರಿಚೆಂಡನ್ನು ಮುಟ್ಟುವ ಮುನ್ನ ಕನಿಷ್ಠ ಮೂರು ಸಲ ಕುಶನ್‌ಗೆ, ಎಂದರೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ, ಬಡಿದಿರಬೇಕು. ಚೆಂಡು ಹೊಡೆಯುವ ಕೋಲೇ ಕ್ಯೂ; ಅದರ ಮುಂಭಾಗ ಶಾಫ್ಟ್, ಕೈಯಲ್ಲಿ ಹಿಡಿಯುವ ಹಿಂಭಾಗ ಬಟ್, ಎರಡೂ ತಿರುಪಿನಿಂದ ಕೂಡುವ ಜಾಗ ಜಾಯಿಂಟ್, ಚೆಂಡಿಗೆ ತಾಗುವ ತುದಿ ಟಿಪ್.

ಅರಸೀಕೆರೆಯ ಸದಸ್ಯರು: ನಮಸ್ಕಾರ ಯಜಮಾನರೇ. ನನ್ನಲ್ಲಿ 9.5 ಮಿ.ಮೀ. ಟಿಪ್‌ನ ಸ್ನೂಕರ್ ಕ್ಯೂ ಇದೆ. ಅದರಲ್ಲೇ ಆಡಬಹುದೇ?

ಯಜಮಾನರು: ಕಲಿಯುವಷ್ಟು ದಿನ ಆಡಬಹುದು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ.; ಈ ಆಟದ ಚೆಂಡು 61.5 ಮಿ.ಮೀ., ತೂಕ 205ರಿಂದ 220 ಗ್ರಾಂ. ಅಷ್ಟು ಭಾರದ ಚೆಂಡಿಗೆ ಸೈಡ್ ಕೊಟ್ಟು, ಎಂದರೆ ನಡುವಿನಿಂದ ಪಕ್ಕಕ್ಕೆ ಹೊಡೆದು ತಿರುಗುವಂತೆ ಮಾಡಿ, ನಾಲ್ಕೈದು ಕುಶನ್ ಓಡಿಸಹೊರಟರೆ ತೆಳುವಾದ ತುದಿ ಬಳುಕುತ್ತದೆ. ಕ್ಯಾರಮ್ ಶಾಫ್ಟ್‌ನ ತುದಿ ಸಾಮಾನ್ಯವಾಗಿ 11ರಿಂದ 12 ಮಿ.ಮೀ. ಇದ್ದು, ಅಲ್ಲಿಂದಲೇ ಜಾಯಿಂಟ್‌ವರೆಗೆ ಒಂದೇ ಸಮನೆ ದಪ್ಪವಾಗುತ್ತ ಹೋಗುವುದರಿಂದ ಬಿಗಿಯಾಗಿರುತ್ತದೆ. ಪೂಲ್ ಶಾಫ್ಟ್ ತುದಿಯಲ್ಲಿ ದಪ್ಪವಿದ್ದರೂ ಬಹುದೂರ ಅದೇ ದಪ್ಪದಲ್ಲಿ ಸಾಗುತ್ತದೆ. ಅದರ ಸ್ವಭಾವವೇ ಬೇರೆ.

ಬೇಲೂರಿನ ಸದಸ್ಯರು: ಸರ್, ಪೂಲ್ ಕ್ಯೂ ಆಗುತ್ತದೆಯೇ?

ಯಜಮಾನರು: ಮೇಲಿನ ಉತ್ತರದ ಕೊನೆಯ ವಾಕ್ಯವನ್ನು ಓದಿರಿ.

ಮೂಡಿಗೆರೆಯ ಸದಸ್ಯರು: ಯಜಮಾನರೇ, ನಮ್ಮ ತೋಟದ ಮನೆಯಲ್ಲಿ ಹತ್ತಡಿಯ ಕ್ಯಾರಮ್ ಟೇಬಲ್ ಇದೆ. ಕೊರಿಯಾದಲ್ಲಿರುವ ಅಳಿಯ ಎರಡು ಮೇಪಲ್ ಶಾಫ್ಟ್‌ಗಳಿರುವ ಕ್ಯೂ ತಂದುಕೊಟ್ಟಿದ್ದಾರೆ. ಒಂದರ ತುದಿ 12 ಮಿ.ಮೀ., ಇನ್ನೊಂದರದು 11. ಎರಡು ವರ್ಷ ಆಡಿದ್ದು 12ರಲ್ಲಿ. ಪುಷ್ಯ ಮಳೆ ಹಿಡಿದ ಮೇಲೆ ಅದನ್ನು ಜೋಡಿಸಿ ಉರುಳಿಸಿದರೆ ತುದಿ ನಡುಗುತ್ತದೆ. ಅದನ್ನು ಬಿಟ್ಟು 11ಕ್ಕೆ ಹೋಗಲೇ?

ಯಜಮಾನರು: ಅವಸರ ಬೇಡ. ಬಂದ ಪ್ರಶ್ನೆಗಳಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಇದು. ಜೋಡಿಸಿದ ಕ್ಯೂ ನಡುಗಿದರೆ ಶಾಫ್ಟ್ ಡೊಂಕಾಗಿದೆ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ನನ್ನ ಅಂಗಡಿಗೆ ಬರುವ ಅಂಥವುಗಳಲ್ಲಿ ಎಷ್ಟೋ ಶಾಫ್ಟ್‌ಗಳು ನೇರವಾಗಿಯೇ ಇರುತ್ತವೆ. ಶಾಫ್ಟ್ ಒಂದನ್ನೇ ದಪ್ಪ ಗಾಜಿನ ಮೇಲಿಟ್ಟು, ಆಚೆ ಬದಿ ದೀಪ ಹಚ್ಚಿ, ಮೆಲ್ಲಗೆ ಉರುಳಿಸಿರಿ. ಅಡಿಯಲ್ಲಿ ಬೆಳಕಿನ ಸಂದು ತೆರೆದು ಮುಚ್ಚಿದರೆ ಅದು ಡೊಂಕು. ಬಟ್ಟನ್ನೂ ಹಾಗೆಯೇ ನೋಡಿರಿ. ಎರಡೂ ಬಿಡಿಯಾಗಿ ನೇರವಿದ್ದು, ಜೋಡಿಸಿದಾಗ ಮಾತ್ರ ನಡುಗಿದರೆ ದೋಷ ಜಾಯಿಂಟ್‌ನಲ್ಲಿದೆ. ಅನೇಕ ಕ್ಯಾರಮ್ ಕ್ಯೂಗಳಲ್ಲಿ ತಿರುಪೇ ಮರದ್ದಾಗಿರುತ್ತದೆ. ಮರವು ತೇವ ಕುಡಿದಾಗ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುವುದರಿಂದ ತಿರುಪು ಪೂರ್ತಿ ಇಳಿಯದೆ, ಎರಡು ಮುಖಗಳು ಸಮನಾಗಿ ಕೂರುವುದಿಲ್ಲ. ಬಲವಂತದಿಂದ ತಿರುಗಿಸಿದರೆ ತಿರುಪು ಮುರಿಯುತ್ತದೆ.

ಇನ್ನು 11 ಮಿ.ಮೀ.ನ ಮಾತು. ಸೈಡ್ ಕೊಟ್ಟು ಹೊಡೆದಾಗ ಚೆಂಡು ನಾವು ಹಿಡಿದ ಗೆರೆಯನ್ನು ಬಿಟ್ಟು ಸೈಡ್‌ಗೆ ಎದುರು ದಿಕ್ಕಿಗೆ ಸ್ವಲ್ಪ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದು ಶಾಫ್ಟ್‌ನ ತುದಿಭಾಗದ, ಸುಮಾರು ಒಂದು ಗೇಣಿನಷ್ಟು ಉದ್ದದ, ತೂಕವನ್ನು ಅವಲಂಬಿಸಿದೆ. ಉಳಿದದ್ದೆಲ್ಲ ಒಂದೇ ಇದ್ದರೆ 11ರಲ್ಲಿ ಅದು ಕಡಿಮೆ. ಆದರೆ ಎರಡು ವರ್ಷಗಳಿಂದ ನಿಮ್ಮ ಕಣ್ಣು 12ರ ಸರಿತವನ್ನು ಲೆಕ್ಕ ಹಿಡಿದೇ ಗುರಿಯಿಡುತ್ತಿದೆ. 2.84 ಮೀಟರ್ ಉದ್ದದ ಅಂಕಣದಲ್ಲಿ ಮೊದಲ ಕುಶನ್‌ನಲ್ಲಾದ ಕೂದಲೆಳೆಯ ವ್ಯತ್ಯಾಸವು ಮೂರನೆಯ ಕುಶನ್ ದಾಟುವಷ್ಟರಲ್ಲಿ ಇಡೀ ಚೆಂಡಿನಷ್ಟಾಗಬಹುದು. ಆದ್ದರಿಂದ 12 ನೇರವಾಗಿದ್ದರೆ ಅದನ್ನೇ ಉಳಿಸಿಕೊಳ್ಳಿರಿ. ಹೊಸದನ್ನೇ ಆರಿಸುವವರು ಕೂಡ ಹೆಸರನ್ನು ನೋಡುವ ಮೊದಲು ಮರದ ಎಳೆಯನ್ನು ನೋಡಬೇಕು: ಎಳೆಯು ತುದಿಯಿಂದ ಜಾಯಿಂಟ್‌ವರೆಗೆ ನೇರವಾಗಿ ಸಾಗಬೇಕು. ನಡುವೆಯೇ ಪಕ್ಕಕ್ಕೆ ಹರಿದುಹೋದರೆ ಆ ಶಾಫ್ಟ್ ಮಲೆನಾಡಿನ ಮಳೆಗಾಲಕ್ಕೆ ಆಗದು.

ಆಲೂರಿನ ಸದಸ್ಯರು: ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೇನೆ: ‘ಶಾಫ್ಟ್‌ಗೆ ತೆಂಗಿನೆಣ್ಣೆ ಸವರಿ ಮೂರು ದಿನ ಬಿಸಿಲಿಗಿಟ್ಟರೆ ಡೊಂಕು ಹೋಗುತ್ತದೆ.’ ಎಲ್ಲರಿಗೂ ಉಪಯೋಗವಾಗಲಿ.

ಯಜಮಾನರು: ಯಾರೂ ಹೀಗೆ ಮಾಡಬಾರದು. ಎಣ್ಣೆ ಮರದೊಳಗೆ ಇಳಿದು ಅಂಟಾಗುತ್ತದೆ, ಶಾಫ್ಟ್ ಕೈಯಲ್ಲಿ ಜಾರುವುದಿಲ್ಲ. ಬಿಸಿಲಿಗೆ ಒಂದು ಮಗ್ಗುಲು ಬೇಗ ಒಣಗಿ ನೇರವಿದ್ದದ್ದೂ ಬಾಗುತ್ತದೆ. ಎಮರಿ ಕಾಗದದಿಂದ ಉಜ್ಜಿ 12ನ್ನು 11 ಮಾಡುವ ಇನ್ನೊಂದು ಸಂದೇಶವೂ ತಿರುಗುತ್ತಿದೆ. ಕೈಯಿಂದ ಉಜ್ಜಿದ ಶಾಫ್ಟ್ ಗುಂಡಗೆ ಉಳಿಯುವುದಿಲ್ಲ, ಹೋದ ಮರ ಮರಳಿ ಬರುವುದಿಲ್ಲ.

ಆಲೂರಿನ ಸದಸ್ಯರು: ನಾನು ಕಳಿಸಿದ್ದು ಸದುದ್ದೇಶದಿಂದ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಹಾಸನದ ಹಿರಿಯ ಸದಸ್ಯರು: ಕ್ಷಮಿಸಿ, ಬಿಲಿಯರ್ಡ್ಸ್ ಎಂದರೆ ಹನ್ನೆರಡಡಿಯ ಟೇಬಲ್, ಆರು ಪಾಕೆಟ್. ಪಂಕಜ್ ಅಡ್ವಾಣಿಯವರು ವಿಶ್ವ ಪ್ರಶಸ್ತಿ ಗೆದ್ದದ್ದು ಅದರಲ್ಲಿ. ನಾವು ಆ್ಯಶ್ ಮರದ ಒಂದೇ ಕ್ಯೂನಲ್ಲಿ ಎಲ್ಲವನ್ನೂ ಆಡಿದವರು. ಇಷ್ಟು ಮಡಿವಂತಿಕೆ ಏಕೆ?

ಚಿಕ್ಕಮಗಳೂರಿನ ಸದಸ್ಯರು: ಅದು ಇಂಗ್ಲಿಷ್ ಬಿಲಿಯರ್ಡ್ಸ್, ಹಿರಿಯರೇ. ಬೆಲ್ಜಿಯಂನ ರೇಮಂಡ್ ಕುಲೆಮನ್ಸ್ ಜಗತ್ತಿನಲ್ಲಿ ಹೆಸರಾದದ್ದು ಪಾಕೆಟ್ ಇಲ್ಲದ ಟೇಬಲ್‌ನಲ್ಲಿ. ಎರಡಕ್ಕೂ ಒಂದೇ ಶಾಫ್ಟ್ ಎನ್ನುವುದು ಗದ್ದೆಗೂ ತೋಟಕ್ಕೂ ಒಂದೇ ಗುದ್ದಲಿ ಎಂದಂತೆ.

ಹಾಸನದ ಹಿರಿಯ ಸದಸ್ಯರು: ಎರಡಕ್ಕೂ ನಮ್ಮಲ್ಲಿ ಒಂದೇ ಗುದ್ದಲಿ ಇದೆ.

ಸಕಲೇಶಪುರದ ಸದಸ್ಯರು: ತೋಟದಲ್ಲಿ ಸಿಲ್ವರ್ ಮರ ಬೇಕಾದಷ್ಟಿದೆ. ಶಾಫ್ಟ್ ಕಡೆಸಬಹುದಲ್ಲವೇ?

ಚಿಕ್ಕಮಗಳೂರಿನ ಸದಸ್ಯರು: ಮೆಣಸಿನ ಬಳ್ಳಿ ಹಬ್ಬಿಸುವ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುವ ಮರದಿಂದಲೇ?

ಸಕಲೇಶಪುರದ ಸದಸ್ಯರು: ನಾನು ಕೇಳಿದ್ದು ಯಜಮಾನರನ್ನು, ನಿಮ್ಮನ್ನಲ್ಲ.

ಯಜಮಾನರು: ಆಗದು, ಮೆದು. ಬೀಟೆಯೂ ಆಗದು, ಬಟ್‌ಗೆ ಚೆನ್ನ, ತುದಿಗೆ ಭಾರ.

ಕಡೂರಿನ ಸದಸ್ಯರು: ಕಾರ್ಬನ್ ಶಾಫ್ಟ್ ತೇವಕ್ಕೆ ಬಾಗುವುದಿಲ್ಲವಂತೆ. ಬೆಲೆ ಎಷ್ಟಾಗಬಹುದು?

ಯಜಮಾನರು: ಬಾಗುವುದಿಲ್ಲ, ನಿಜ. ಆದರೆ ಪೂಲ್‌ಗೆಂದು ಮಾಡಿದ್ದನ್ನು ಕೊಳ್ಳಬೇಡಿರಿ, ತಿರುಪು ನಿಮ್ಮ ಬಟ್‌ಗೆ ಹೊಂದುವುದೇ ಎಂದು ಮೊದಲು ನೋಡಿರಿ. ಅದನ್ನು ಮನೆಯಲ್ಲಿ ಉಜ್ಜಬೇಡಿರಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಡೂರಿನ ಸದಸ್ಯರು: ಬೆಲೆ?

ಬೇಲೂರಿನ ಸದಸ್ಯರು: ಸರ್, ನನ್ನ ಪೂಲ್ ಕ್ಯೂ ವಿಷಯ ಇನ್ನೂ ಸ್ಪಷ್ಟವಾಗಲಿಲ್ಲ.

ಮೂಡಿಗೆರೆಯ ಸದಸ್ಯರು: ಯಜಮಾನರೇ, ಗಾಜಿನ ಮೇಲೆ ಉರುಳಿಸಿ ನೋಡಿದೆ. ಶಾಫ್ಟ್‌ನಲ್ಲಿ ಸಂದು ಕಾಣಲಿಲ್ಲ, ಬಟ್‌ನಲ್ಲಿಯೂ ಇಲ್ಲ. ಜೋಡಿಸಿದರೆ ಮಾತ್ರ ನಡುಗುತ್ತದೆ. ಹೇಳಲು ಸಂಕೋಚವಾಗಿತ್ತು: ಹೋದ ವಾರ ತಿರುಪು ಬಿಗಿಯಾಯಿತೆಂದು ಅದಕ್ಕೆ ಸ್ವಲ್ಪ ತೆಂಗಿನೆಣ್ಣೆ ಬಿಟ್ಟಿದ್ದೆ.

ಯಜಮಾನರು: ಇದನ್ನು ಮೊದಲೇ ಹೇಳಬೇಕಿತ್ತು. ಇನ್ನು ಜೋಡಿಸಬೇಡಿರಿ. ತಿರುಪನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಬಟ್ ಮತ್ತು ಎರಡೂ ಶಾಫ್ಟ್‌ಗಳನ್ನು ಬೇರೆಬೇರೆಯಾಗಿ ಸುತ್ತಿ ಹಾಸನಕ್ಕೆ ತನ್ನಿರಿ. ಅಡುಗೆಮನೆಯ ಅಟ್ಟದ ಮೇಲೆ ಒಣಗಿಸಲು ಇಡಬೇಡಿರಿ.