ಎಸ್‌ಟಿ-ಲಿಂಕ್ ಕ್ಲೋನ್: ನಿನ್ನೆ ಪ್ರೋಗ್ರಾಂ ಹೋಯಿತು, ಇವತ್ತು ಬೋರ್ಡೇ ಸಿಗುತ್ತಿಲ್ಲ

ಪ್ರಶ್ನೆ:
ನನ್ನ ಹತ್ತಿರ ಪೆನ್‌ಡ್ರೈವ್ ಥರ ಕಾಣುವ ಎಸ್‌ಟಿ-ಲಿಂಕ್ ವಿ2 ಕ್ಲೋನ್ (ಚಿಪ್‌ಗೆ ಪ್ರೋಗ್ರಾಂ ಹಾಕುವ ಡೀಬಗರ್‌ನ ಅಗ್ಗದ ನಕಲು) ಇದೆ, ಜೊತೆಗೊಂದು ಬ್ಲೂ ಪಿಲ್ ಬೋರ್ಡ್ (ಎಸ್‌ಟಿಎಂ32 ಚಿಪ್ ಇರುವ ಪುಟ್ಟ ಬೋರ್ಡ್). ನಿನ್ನೆ ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಹಾಕಿದೆ, ಸಲೀಸಾಗಿ ಹೋಯಿತು. ಇವತ್ತು ಮಿನುಗುವ ವೇಗ ಬದಲಿಸಿ ಮತ್ತೆ ಹಾಕಲು ಹೋದರೆ ‘ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್’ ಅಂತಿದೆ. ವೈರ್ ಬದಲಿಸಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ, ಡ್ರೈವರ್ ಕೂಡ ಹೊಸದಾಗಿ ಹಾಕಿದೆ. ಡೀಬಗರ್ ಸುಟ್ಟುಹೋಯಿತಾ? ಇನ್ನೊಂದು ಕೊಳ್ಳಬೇಕಾ?

ಉತ್ತರ:
ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿನ್ನೆ ಪ್ರೋಗ್ರಾಂ ಹೋಗಿದೆ ಅಂದಮೇಲೆ ಡೀಬಗರ್, ವೈರ್ ಎರಡೂ ಸರಿಯಾಗೇ ಇದ್ದವು. ನನಗೆ ಅನುಮಾನ ನಿಮ್ಮ ಪ್ರೋಗ್ರಾಂ ಮೇಲೆ. ಕ್ಯೂಬ್‌ಎಂಎಕ್ಸ್‌ನಲ್ಲಿ (ಚಿಪ್‌ನ ಸೆಟ್ಟಿಂಗ್ ಆರಿಸಿದರೆ ಕೋಡ್ ಜನರೇಟ್ ಮಾಡಿಕೊಡುವ ಸಾಫ್ಟ್‌ವೇರ್) ‘ಸಿಸ್’ ಕೆಳಗಿನ ಡೀಬಗ್ ಆಯ್ಕೆಯನ್ನು ‘ನೋ ಡೀಬಗ್’ ಅಂತಲೇ ಬಿಟ್ಟಿದ್ದೀರಾ? ಹಾಗಿದ್ದರೆ ಚಿಪ್ ಆನ್ ಆದ ಕೂಡಲೇ ನಿಮ್ಮ ಕೋಡೇ ಪಿಎ13, ಪಿಎ14 ಪಿನ್‌ಗಳ ಡೀಬಗ್ ಕೆಲಸ ನಿಲ್ಲಿಸಿಬಿಡುತ್ತದೆ. ಡೀಬಗರ್ ಚಿಪ್ ಜೊತೆ ಮಾತಾಡುವ ಎಸ್‌ಡಬ್ಲ್ಯೂಡಿಐಒ, ಎಸ್‌ಡಬ್ಲ್ಯೂಸಿಎಲ್‌ಕೆ ಅಂದರೆ ಇವೇ. ಒಳಗಿಂದ ಚಿಲಕ ಹಾಕಿಕೊಂಡ ಹಾಗೆ, ಹೊರಗೆ ನಿಂತು ಎಷ್ಟು ಬಾಗಿಲು ತಟ್ಟಿದರೇನು?

ಬೋರ್ಡ್ ಮೇಲಿನ ಬೂಟ್0 ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ತುಂಡು) 1ಕ್ಕೆ ಹಾಕಿ (ಬೂಟ್1 ಮುಟ್ಟಬೇಡಿ, 0ಯಲ್ಲೇ ಇರಲಿ), ರೀಸೆಟ್ ಒತ್ತಿ. ಆಗ ನಿಮ್ಮ ಕೋಡ್ ಬದಲು ಚಿಪ್ಪಿನೊಳಗಿನ ಬೂಟ್‌ಲೋಡರ್ (ಚಿಪ್ ತಯಾರಾಗುವಾಗಲೇ ಹಾಕಿರುವ ಪ್ರೋಗ್ರಾಂ) ಓಡುತ್ತದೆ. ಕನೆಕ್ಟ್ ಮಾಡಿ, ಫುಲ್ ಚಿಪ್ ಇರೇಸ್ ಕೊಡಿ. ಜಂಪರ್ ವಾಪಸ್ 0ಗೆ. ಆಮೇಲೆ ಡೀಬಗ್ ಆಯ್ಕೆಯನ್ನು ‘ಸೀರಿಯಲ್ ವೈರ್’ ಮಾಡಿ, ಕೋಡ್ ಮತ್ತೆ ಜನರೇಟ್ ಮಾಡಿ.

ಪ್ರಶ್ನೆ ಕೇಳಿದವರು:
‘ನೋ ಡೀಬಗ್’ ಅಂತಲೇ ಇತ್ತು ಸರ್! ಆದರೆ ಜಂಪರ್ ಬದಲಿಸಿದರೂ ಅದೇ ಎರರ್. ಡೀಬಗರ್‌ನ ಆರ್‌ಎಸ್‌ಟಿ ಪಿನ್‌ನಿಂದ ಬೋರ್ಡಿನ ರೀಸೆಟ್‌ಗೆ ವೈರ್ ಎಳೆದು ‘ಕನೆಕ್ಟ್ ಅಂಡರ್ ರೀಸೆಟ್’ (ಚಿಪ್ ರೀಸೆಟ್‌ನಲ್ಲಿರುವಾಗಲೇ ಕನೆಕ್ಟ್ ಆಗುವ ಆಯ್ಕೆ) ಕೂಡ ನೋಡಿದೆ. ಎಲ್‌ಇಡಿ ಮಾತ್ರ ತನ್ನ ಪಾಡಿಗೆ ಮಿನುಗುತ್ತಿದೆ.

ಉತ್ತರ:
ಮಿನುಗುತ್ತಿದೆ ಅಂದರೆ ಇನ್ನೂ ನಿಮ್ಮ ಕೋಡೇ ಓಡುತ್ತಿದೆ. ಅಕ್ಕಪಕ್ಕ ಎರಡು ಹಳದಿ ಜಂಪರ್ ಇವೆ ಅಲ್ವಾ? ಬೂಟ್0 ಬಿಟ್ಟು ಬೂಟ್1 ಬದಲಿಸಿರಬೇಕು, ನೋಡಿ.

ಆರ್‌ಎಸ್‌ಟಿ ವೈರ್ ತೆಗೆದುಬಿಡಿ. ಇಂಥ ಅಗ್ಗದ ಕ್ಲೋನ್‌ಗಳಲ್ಲಿ ಬಹಳಷ್ಟು ಸಲ ಆ ಪಿನ್ ಎಸ್‌ಟಿಎಂ8ಕ್ಕೆ (ಅದೇ ಕಂಪನಿಯ ಬೇರೆ ಚಿಪ್ ಸರಣಿ) ಮಾತ್ರ ಕೆಲಸ ಮಾಡುತ್ತದೆ. ಬೆರಳಲ್ಲೇ ರೀಸೆಟ್ ಒತ್ತುವುದು ವಾಸಿ. ಅಂದಹಾಗೆ, ಮುಂದೆ ಇನ್ನೊಂದು ಕೊಂಡರೆ ಕವಚದ ಮೇಲಿನ ಪಿನ್ ಹೆಸರು ನೋಡಿ ಸುಮ್ನೆ ವೈರ್ ಚುಚ್ಚಬೇಡಿ. ಕವಚ ಜಾರಿಸಿ ಒಳಗಿನ ಬೋರ್ಡ್ ಮೇಲೆ ಏನಿದೆ ಓದಿ. ನನ್ನದರಲ್ಲಿ ಹೊರಗೊಂದು ಒಳಗೊಂದು ಇತ್ತು, ಒಂದು ಸಂಜೆ ಪೂರ್ತಿ ಹಾಳಾಯಿತು.

ಪ್ರಶ್ನೆ ಕೇಳಿದವರು:
ಹೌದು ಸರ್, ಬೂಟ್1 ಅನ್ನೇ ಬದಲಿಸಿದ್ದೆ. ಬೂಟ್0 ಬದಲಿಸಿ ರೀಸೆಟ್ ಒತ್ತಿದ ತಕ್ಷಣ ಎಲ್‌ಇಡಿ ನಿಂತಿತು, ಇರೇಸ್ ಆಯಿತು. ‘ಸೀರಿಯಲ್ ವೈರ್’ ಮಾಡಿದ ಮೇಲೆ ಐದು ಸಲ ಪ್ರೋಗ್ರಾಂ ಹಾಕಿ ನೋಡಿದೆ, ಐದೂ ಸಲ ಹೋಯಿತು.